ಎರಡನೇ ವರ್ಷದ ಸೀಟು ಯಾರಿಗೆ?

ಅಮೆರಿಕದ ಅಟ್ಲಾಂಟಾ ನಗರದ ಉತ್ತರಕ್ಕೆ ಆಲ್ಫರೆಟ್ಟಾ, ಜಾನ್ಸ್ ಕ್ರೀಕ್, ಕಮಿಂಗ್ ಎಂಬ ಊರುಗಳಿವೆ. ಐಟಿ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡಿಗರ ಮನೆಗಳು ಅಲ್ಲಿ ಸಾಕಷ್ಟಿವೆ. ಮನೆಯಲ್ಲಿ ಹನ್ನೆರಡನೇ ಕ್ಲಾಸಿನ ಮಗುವಿದ್ದರೆ ಚಳಿಗಾಲವಿಡೀ ಒಂದೇ ಮಾತು: ಜಾರ್ಜಿಯಾ ಟೆಕ್ ಸಿಗುತ್ತಾ? ಅದು ಜಾರ್ಜಿಯಾ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ, ಎಂಜಿನಿಯರಿಂಗ್‌ನಲ್ಲಿ ಆ ದೇಶದ ಮೊದಲ ಸಾಲಿನದು. ರಾಜ್ಯದ ಮಕ್ಕಳಿಗೆ ಅಲ್ಲಿನ ಫೀಸು ಖಾಸಗಿ ವಿಶ್ವವಿದ್ಯಾಲಯಗಳಿಗಿಂತ ಬಹಳ ಕಡಿಮೆ. ಲಾಟರಿ ಹಣದಿಂದ 1993ರಿಂದ ನಡೆದುಬಂದಿರುವ ಹೋಪ್ ವಿದ್ಯಾರ್ಥಿವೇತನವೂ ಸಿಕ್ಕಿದರೆ ಹೊರೆ ಇನ್ನಷ್ಟು ಇಳಿಯುತ್ತದೆ (ಅದಕ್ಕೆ ಪೌರತ್ವವೋ ಗ್ರೀನ್ ಕಾರ್ಡೋ ಇರಬೇಕು, ಎಚ್-1ಬಿ ವೀಸಾದ ಮೇಲಿರುವ ಎಷ್ಟೋ ಮನೆಗಳಿಗೆ ಅದು ಸಿಗುವುದಿಲ್ಲ).

ಒಂದೇ ಹೈಸ್ಕೂಲಿನ ಇಬ್ಬರು ಹುಡುಗಿಯರನ್ನು ಮನಸ್ಸಿಗೆ ತಂದುಕೊಳ್ಳಿ. ಇಬ್ಬರ ಅಂಕಗಳೂ ಹೆಚ್ಚುಕಡಿಮೆ ಒಂದೇ. ಇಬ್ಬರಿಗೂ ಜಾರ್ಜಿಯಾ ಟೆಕ್ ಇಲ್ಲ ಎಂದಿದೆ. ಮೊದಲನೆಯವಳ ಅಪ್ಪ ತೊಂಬತ್ತರ ದಶಕದಲ್ಲಿ ಅಲ್ಲೇ ಎಂಎಸ್ ಮಾಡಿದವರು. ಎರಡನೆಯವಳ ಅಪ್ಪ ದಾವಣಗೆರೆಯಲ್ಲಿ ಬಿಇ ಓದಿ, ಬೆಂಗಳೂರಿನಲ್ಲಿ ಕೆಲಸ ಮಾಡಿ, ಕಂಪನಿ ಕಳಿಸಿತೆಂದು ಅಟ್ಲಾಂಟಾಕ್ಕೆ ಬಂದವರು. ಮೊದಲನೆಯವಳಿಗೆ ಇನ್ನೊಂದು ದಾರಿ ತೆರೆದಿದೆ: ಒಂದು ವರ್ಷ ಬೇರೆ ಯಾವುದಾದರೂ ಕಾಲೇಜಿನಲ್ಲಿ ಓದಬೇಕು, ಗೊತ್ತುಮಾಡಿದ ಗಣಿತ, ವಿಜ್ಞಾನ, ಇಂಗ್ಲಿಷ್ ಕೋರ್ಸುಗಳನ್ನು ಮುಗಿಸಬೇಕು, ಹೇಳಿದಷ್ಟು ಜಿಪಿಎ, ಅಂದರೆ ಸರಾಸರಿ ಅಂಕ, ಉಳಿಸಿಕೊಳ್ಳಬೇಕು. ಅಷ್ಟು ಮಾಡಿದರೆ ಟೆಕ್‌ನಲ್ಲಿ ಸೀಟು ಖಾತ್ರಿ. ಎರಡನೆಯವಳೂ ಇದೇ ಕೋರ್ಸುಗಳನ್ನು ಓದಬಹುದು, ಇದೇ ಜಿಪಿಎ ತೆಗೆಯಬಹುದು, ವರ್ಗಾವಣೆಗೆ ಅರ್ಜಿಯನ್ನೂ ಹಾಕಬಹುದು. ಆದರೆ ಅವಳ ಅರ್ಜಿ ಸಾವಿರಾರು ಅರ್ಜಿಗಳ ನಡುವೆ ಮತ್ತೊಮ್ಮೆ ಸ್ಪರ್ಧೆಗೆ ನಿಲ್ಲಬೇಕು. ಅವಳಿಗೆ ಯಾರೂ ಮಾತು ಕೊಟ್ಟಿಲ್ಲ.

ಹುಡುಗಿಯರು ಕಲ್ಪನೆಯವರು, ದಾರಿ ನಿಜವಾದದ್ದು. ಕಂಡಿಷನಲ್ ಟ್ರಾನ್ಸ್‌ಫರ್ ಪಾತ್‌ವೇ, ಅಂದರೆ ಷರತ್ತಿನ ಮೇಲೆ ವರ್ಗಾವಣೆ, ಎಂಬ ಹೆಸರಿನಲ್ಲಿ ಹಳೆಯ ವಿದ್ಯಾರ್ಥಿಗಳ ಹತ್ತಿರದ ಸಂಬಂಧಿಗಳಿಗೆ ಜಾರ್ಜಿಯಾ ಟೆಕ್ ಇಂಥ ವ್ಯವಸ್ಥೆಯನ್ನು ನಡೆಸಿಕೊಂಡು ಬಂದಿದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವವರಿಗೂ ಜಾರ್ಜಿಯಾದ ಬಡ ಕುಟುಂಬಗಳ ಮಕ್ಕಳಿಗೂ ಇದೇ ಬಗೆಯ ದಾರಿಗಳನ್ನು ಅದು ಮಾಡಿಕೊಟ್ಟಿದೆ ಎಂಬುದನ್ನೂ ಹೇಳಬೇಕು. ದಾವಣಗೆರೆಯ ಎಂಜಿನಿಯರ್ ಮಗಳು ಇವೆರಡಕ್ಕೂ ಸೇರುವುದಿಲ್ಲ. ಅಪ್ಪ ಪದವೀಧರರು, ಆದರೆ ಟೆಕ್‌ನ ಪದವೀಧರರಲ್ಲ.

ಇಲ್ಲಿ ಎರಡು ಬೇರೆ ಬೇರೆ ವಿಚಾರಗಳು ಹೆಣೆದುಕೊಂಡಿವೆ. ಒಂದು, ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಪ್ರವೇಶದಲ್ಲಿ ಕೊಡುವ ಆದ್ಯತೆ; ಅಮೆರಿಕದಲ್ಲಿ ಇದಕ್ಕೆ ಲೆಗಸಿ ಎನ್ನುತ್ತಾರೆ. ಇನ್ನೊಂದು, ಬೇರೆ ಕಾಲೇಜಿನಲ್ಲಿ ಇಷ್ಟು ಓದಿ ಬಂದರೆ ಸೀಟು ಕೊಟ್ಟೇ ಕೊಡುತ್ತೇವೆ ಎಂಬ ಖಾತ್ರಿ ವರ್ಗಾವಣೆ. ಮೊದಲನೆಯದು ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಇರಲೇಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಎರಡನೆಯದು ಆ ದೇಶದ ಉನ್ನತ ಶಿಕ್ಷಣದಲ್ಲಿ ನಾನು ತುಂಬ ಮೆಚ್ಚುವ ಏರ್ಪಾಡು. ಎರಡೂ ಒಂದಾದಾಗ ಏನಾಗುತ್ತದೆ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಲೆಗಸಿ ಪದ್ಧತಿ ಬೇರು ಬಿಟ್ಟಿದ್ದು 1920ರ ದಶಕದಲ್ಲಿ, ಐವಿ ಲೀಗ್ ಎಂದು ಕರೆಯುವ ಹಾರ್ವರ್ಡ್, ಯೇಲ್‌ನಂಥ ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ. ಪರೀಕ್ಷೆಯ ಅಂಕವೊಂದನ್ನೇ ನೋಡಿದರೆ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು ಹೆಚ್ಚು ಸಂಖ್ಯೆಯಲ್ಲಿ ಬರುತ್ತಾರೆಂದು ಅಳುಕಿದ ಆಡಳಿತಗಳು ನಡತೆ, ಮನೆತನ, ಅಪ್ಪ ಓದಿದ ಕಾಲೇಜು ಎಂಬ ಅಳತೆಗೋಲುಗಳನ್ನು ತಂದವು. ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಅದು ಹಬ್ಬಿತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಹಳೆಯ ವಿದ್ಯಾರ್ಥಿ ಎಂಬ ಮಾತಿಗೆ ಇನ್ನೊಂದು ಕರಾಳ ಚರಿತ್ರೆಯೂ ಇದೆ. ಅಟ್ಲಾಂಟಾದಲ್ಲೇ ನಡೆದ ಪ್ರಕರಣವೊಂದನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ.

1956ರಲ್ಲಿ ಬಾರ್ಬರಾ ಹಂಟ್, ಐರಿಸ್ ಮೇ ವೆಲ್ಚ್, ಮೈರಾ ಡಿನ್ಸ್‌ಮೋರ್ ಎಂಬ ಮೂವರು ಕಪ್ಪು ಮಹಿಳೆಯರು ಇಂದಿನ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಲು ಹೋದರು. ಆಗ ಅದು ರಾಜ್ಯ ಸರ್ಕಾರದ ವಾಣಿಜ್ಯ ಕಾಲೇಜು. ಅರ್ಜಿಯ ಜೊತೆ ಒಂದು ಪ್ರಮಾಣಪತ್ರ ಬೇಕಿತ್ತು: ಈ ಅಭ್ಯರ್ಥಿ ಒಳ್ಳೆಯ ನಡತೆಯವರು ಎಂದು ಅದೇ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳು ಸಹಿ ಹಾಕಿಕೊಡಬೇಕು. ನಿಯಮದಲ್ಲಿ ಬಣ್ಣದ ಮಾತೇ ಇರಲಿಲ್ಲ. ಆದರೆ ಅಲ್ಲಿ ಅಲ್ಲಿಯತನಕ ಓದಿದವರೆಲ್ಲ ಬಿಳಿಯರು. ಸಹಿ ಹಾಕಲು ಒಪ್ಪುವ ಬಿಳಿಯರನ್ನು ಆ ಕಾಲದ ಜಾರ್ಜಿಯಾದಲ್ಲಿ ಒಬ್ಬ ಕಪ್ಪು ಮಹಿಳೆ ಎಲ್ಲಿಂದ ಹುಡುಕಿ ತರಬೇಕು? ಮೂವರೂ ಕೋರ್ಟಿಗೆ ಹೋದರು. 1959ರ ಜನವರಿಯಲ್ಲಿ ಫೆಡರಲ್ ನ್ಯಾಯಾಧೀಶ ಬಾಯ್ಡ್ ಸ್ಲೋನ್ ಈ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟರು. ಗೆದ್ದ ಮೂವರಿಗೂ ಆ ಕಾಲೇಜಿನಲ್ಲಿ ಓದುವ ಭಾಗ್ಯ ಮಾತ್ರ ಬರಲಿಲ್ಲ. ಶಾಸನಸಭೆ ತಕ್ಷಣ ಪ್ರವೇಶಕ್ಕೆ ವಯಸ್ಸಿನ ಮಿತಿಯ ಕಾನೂನು ತಂದು ಅವರನ್ನು ಹೊರಗೇ ಉಳಿಸಿತು. ಮಿಸಿಸಿಪ್ಪಿಯಲ್ಲೂ ಇಂಥದೇ ನಿಯಮವಿತ್ತು. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಲು ಹೋರಾಡಿದ ಕಪ್ಪು ವಿದ್ಯಾರ್ಥಿ ಜೇಮ್ಸ್ ಮೆರಿಡಿತ್ ಪ್ರಕರಣದಲ್ಲಿ, 1962ರಲ್ಲಿ, ಅದೂ ಬಿದ್ದುಹೋಯಿತು.

ಇಂದಿನ ಲೆಗಸಿ ಆದ್ಯತೆಗೂ ಅಂದಿನ ಸಹಿ ಪತ್ರಕ್ಕೂ ಉದ್ದೇಶದಲ್ಲಿ ಹೋಲಿಕೆ ಇಲ್ಲ, ಒಪ್ಪುತ್ತೇನೆ. ಆದರೆ ಎರಡೂ ಕೆಲಸ ಮಾಡುವ ರೀತಿ ಒಂದೇ: ಹಿಂದೆ ಯಾರು ಒಳಗಿದ್ದರು ಎಂಬುದರ ಮೇಲೆ ಮುಂದೆ ಯಾರು ಒಳಗೆ ಬರಬೇಕೆಂಬುದು ತೀರ್ಮಾನವಾಗುತ್ತದೆ. ಜಾರ್ಜಿಯಾ ಟೆಕ್ 1888ರಲ್ಲಿ ಪಾಠ ಶುರುಮಾಡಿತು. ಹೆಂಗಸರನ್ನು ಸೇರಿಸಿಕೊಂಡಿದ್ದು 1952ರಲ್ಲಿ. ಮೊದಲ ಮೂವರು ಕಪ್ಪು ವಿದ್ಯಾರ್ಥಿಗಳು ಬಂದಿದ್ದು 1961ರಲ್ಲಿ. ವರ್ಜೀನಿಯಾ ವಿಶ್ವವಿದ್ಯಾಲಯವನ್ನು ಥಾಮಸ್ ಜೆಫರ್ಸನ್ ಸ್ಥಾಪಿಸಿದ್ದು 1819ರಲ್ಲಿ. ಅಲ್ಲಿ ಹೆಣ್ಣುಮಕ್ಕಳಿಗೆ ಪದವಿ ತರಗತಿಗಳು ಪೂರ್ತಿ ತೆರೆದದ್ದು 1970ರಲ್ಲಿ. ತೆರಿಗೆ ಎಲ್ಲರಿಂದಲೂ ಹೋಗುತ್ತಿತ್ತು, ಸೀಟು ಕೆಲವರಿಗಷ್ಟೇ ಸಿಗುತ್ತಿತ್ತು. ಅಂಥ ಸಂಸ್ಥೆಗಳಲ್ಲಿ ಅಜ್ಜ ಇಲ್ಲೇ ಓದಿದ್ದ ಎಂಬುದಕ್ಕೆ ಬೆಲೆ ಕಟ್ಟಿದರೆ ಕೆಲವು ಮನೆಗಳಿಗೆ ಹುಟ್ಟಿನಿಂದಲೇ ಅಂಕ ಕೊಟ್ಟಂತೆ.

ಅಂಕ ಎಂದದ್ದು ಬರೀ ಮಾತಿಗಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಹಳೆಯ ಪ್ರವೇಶ ಪಟ್ಟಿ 2003ರ ಸುಪ್ರೀಂ ಕೋರ್ಟ್ ಪ್ರಕರಣದಿಂದಾಗಿ ಎಲ್ಲರಿಗೂ ತಿಳಿಯಿತು. ಒಟ್ಟು 150 ಅಂಕ, 100 ಬಂದರೆ ಸೀಟು. ಅದರಲ್ಲಿ ಹಿಂದುಳಿದ ಜನಾಂಗೀಯ ಗುಂಪಿನವರಿಗೆ 20, ರಾಜ್ಯದ ನಿವಾಸಿಗಳಿಗೆ 10, ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ 4. ದೇಶವೆಲ್ಲ ಚರ್ಚೆಯಾದದ್ದು 20ರ ಬಗ್ಗೆ, ಕೋರ್ಟು ರದ್ದುಮಾಡಿದ್ದೂ ಅದನ್ನೇ. 4ರ ಬಗ್ಗೆ ಯಾರೂ ದೂರು ತಂದಿರಲಿಲ್ಲ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಮಾತ್ರ ಅದೇ ಹೊತ್ತಿಗೆ ಪ್ರಶ್ನೆ ಎದ್ದಿತು. ಜನಾಂಗವನ್ನು ಪರಿಗಣಿಸುವುದಿಲ್ಲ ಎಂದು ಘೋಷಿಸಿದ ಆ ಸಂಸ್ಥೆ ಲೆಗಸಿ ಅಂಕಗಳನ್ನು ಉಳಿಸಿಕೊಂಡಿತ್ತು. ಆ ಅಂಕಗಳ ಬಲದಿಂದಲೇ 2003ರಲ್ಲಿ ಸೀಟು ಪಡೆದವರಲ್ಲಿ 312 ಮಂದಿ ಬಿಳಿಯರು, 27 ಮಂದಿ ಹಿಸ್ಪ್ಯಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಸಮುದಾಯದವರು, 6 ಮಂದಿ ಕಪ್ಪು ಜನ ಎಂದು ಪತ್ರಿಕೆಗಳಲ್ಲಿ ಬಂತು. 2004ರ ಜನವರಿಯಲ್ಲಿ ವಿಶ್ವವಿದ್ಯಾಲಯದ ಆಗಿನ ಅಧ್ಯಕ್ಷ ರಾಬರ್ಟ್ ಗೇಟ್ಸ್ ಲೆಗಸಿಯನ್ನು ಕೈಬಿಟ್ಟರು.

ಕೋರ್ಟಿನಲ್ಲಿ ಇದನ್ನು ಪ್ರಶ್ನಿಸಿದವರೇ ಇಲ್ಲವೇ? ಒಬ್ಬರಿದ್ದರು. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಹೊರರಾಜ್ಯದ ಅರ್ಜಿಗಳಲ್ಲಿ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಮಣೆ ಹಾಕುತ್ತದೆ ಎಂದು ನ್ಯೂಯಾರ್ಕಿನ ಅಭ್ಯರ್ಥಿಯೊಬ್ಬರು ದಾವೆ ಹೂಡಿದರು. ಹಳೆಯ ವಿದ್ಯಾರ್ಥಿಗಳು ಸಂಸ್ಥೆಗೆ ದೇಣಿಗೆ ಕೊಡುತ್ತಾರೆ, ಹಾಗಾಗಿ ಈ ಆದ್ಯತೆಗೆ ತಕ್ಕ ಕಾರಣವಿದೆ ಎಂದು 1976ರಲ್ಲಿ ಫೆಡರಲ್ ಕೋರ್ಟು ಆ ದಾವೆಯನ್ನು ತಳ್ಳಿಹಾಕಿತು. ದೇಣಿಗೆಯ ಆಸೆ ಸರ್ಕಾರಿ ಸೀಟಿನ ಹಂಚಿಕೆಗೆ ಸಾಕಷ್ಟು ಕಾರಣ ಎಂದು ಒಪ್ಪಿಕೊಂಡ ಆ ತೀರ್ಪು ನನಗೆ ಈಗಲೂ ಅರಗುವುದಿಲ್ಲ.

ಬದಲಾವಣೆ ಬಂದದ್ದು ಶಾಸನಸಭೆಗಳಿಂದ. ಕೊಲರಾಡೊ 2021ರಲ್ಲಿ ತನ್ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಲೆಗಸಿಯನ್ನು ನಿಷೇಧಿಸಿದ ಮೊದಲ ರಾಜ್ಯ. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಜನಾಂಗ ಆಧಾರಿತ ಆದ್ಯತೆಯನ್ನು ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ಪ್ರಕರಣಗಳಲ್ಲಿ ರದ್ದುಮಾಡಿದ ಮೇಲೆ, ಹಾಗಾದರೆ ಮನೆತನದ ಆದ್ಯತೆ ಮಾತ್ರ ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಯಿತು. ವರ್ಜೀನಿಯಾದಲ್ಲಿ 2024ರಲ್ಲಿ ಎರಡೂ ಸದನಗಳು ಒಂದೂ ವಿರೋಧ ಮತವಿಲ್ಲದೆ ಮಸೂದೆಯನ್ನು ಅಂಗೀಕರಿಸಿದವು. ರಿಪಬ್ಲಿಕನ್ ಗವರ್ನರ್ ಗ್ಲೆನ್ ಯಂಗ್‌ಕಿನ್ ಸಹಿ ಹಾಕಿದರು. ಅದೇ ವರ್ಷ ಮೇರಿಲ್ಯಾಂಡ್, ಇಲಿನಾಯ್ ರಾಜ್ಯಗಳೂ ಕಾನೂನು ಮಾಡಿದವು. ಕ್ಯಾಲಿಫೋರ್ನಿಯಾ ತನ್ನ ಖಾಸಗಿ ಕಾಲೇಜುಗಳಿಗೂ ನಿಷೇಧ ಹೇರಿತು, ಅದು 2025ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂತು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಲೆಗಸಿಯನ್ನು ಬಿಟ್ಟು ಆಗಲೇ ಎಷ್ಟೋ ವರ್ಷಗಳಾಗಿದ್ದವು.

ಇನ್ನು ವರ್ಗಾವಣೆಯ ವಿಚಾರ. ಕರ್ನಾಟಕದ ಓದುಗರಿಗೆ ಇದು ಸುಲಭವಾಗಿ ತಿಳಿಯಬೇಕಾದರೆ ನಮ್ಮ ಲ್ಯಾಟರಲ್ ಎಂಟ್ರಿಯನ್ನು ನೆನಪಿಸಿಕೊಳ್ಳಬೇಕು. ಡಿಪ್ಲೊಮಾ ಮುಗಿಸಿದ ಹುಡುಗ ಡಿಸಿಇಟಿ ಬರೆದು, ರ‍್ಯಾಂಕ್ ಬಂದರೆ ನೇರವಾಗಿ ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ಸೇರುತ್ತಾನೆ. ಪಿಯುಸಿ, ಸಿಇಟಿಯ ಹೆದ್ದಾರಿ ತಪ್ಪಿದವರಿಗೂ ಅದೇ ಕಾಲೇಜು, ಅದೇ ಪದವಿ. ಅಮೆರಿಕದ ಖಾತ್ರಿ ವರ್ಗಾವಣೆಯಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ: ಅಲ್ಲಿ ಕೊನೆಯಲ್ಲಿ ರ‍್ಯಾಂಕಿನ ಪೈಪೋಟಿ ಇಲ್ಲ. ಏನು ಓದಬೇಕು, ಎಷ್ಟು ಅಂಕ ಬೇಕು ಎಂಬುದು ಮೊದಲೇ ಬರೆದಿಟ್ಟಿರುತ್ತದೆ. ಅದನ್ನು ಮುಟ್ಟಿದವರಿಗೆಲ್ಲ ಸೀಟು.

ಇದರ ತವರು ಕ್ಯಾಲಿಫೋರ್ನಿಯಾ. 1960ರಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆಗಿನ ಅಧ್ಯಕ್ಷ ಕ್ಲಾರ್ಕ್ ಕೆರ್ ಅವರ ಮುಂದಾಳತ್ವದಲ್ಲಿ ಆ ರಾಜ್ಯ ಉನ್ನತ ಶಿಕ್ಷಣಕ್ಕೊಂದು ಮಾಸ್ಟರ್ ಪ್ಲಾನ್ ಬರೆಯಿತು. ಹೈಸ್ಕೂಲಿನ ಮೇಲಿನ ಎಂಟನೇ ಒಂದು ಭಾಗದವರಿಗೆ ಬರ್ಕ್ಲಿ, ಲಾಸ್ ಏಂಜಲೀಸ್ ಮುಂತಾದ ಕ್ಯಾಂಪಸ್‌ಗಳ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೇಲಿನ ಮೂರನೇ ಒಂದು ಭಾಗದವರಿಗೆ ಸ್ಟೇಟ್ ಕಾಲೇಜುಗಳು (ಇಂದಿನ ಸ್ಟೇಟ್ ಯೂನಿವರ್ಸಿಟಿ), ಉಳಿದ ಯಾರಿಗೇ ಆದರೂ ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷ ಕಲಿಸುವ ಸ್ಥಳೀಯ ಸರ್ಕಾರಿ ಕಾಲೇಜು. ಇಷ್ಟಕ್ಕೇ ನಿಂತಿದ್ದರೆ ಅದು ಹದಿನೇಳನೇ ವಯಸ್ಸಿನಲ್ಲೇ ಹಣೆಬರಹ ಬರೆದುಬಿಡುವ ಯೋಜನೆಯಾಗುತ್ತಿತ್ತು. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಚೆನ್ನಾಗಿ ಓದಿದವರು ಮೂರನೇ ವರ್ಷಕ್ಕೆ ಮೇಲಿನ ಸಂಸ್ಥೆಗೆ ಏರಬಹುದು ಎಂದು ಯೋಜನೆಯಲ್ಲೇ ಬರೆದಿದ್ದರಿಂದ ಅದು ಬದುಕಿತು. ಮೇಲಿನ ಸಂಸ್ಥೆಗಳು ಮೊದಲ ವರ್ಷದ ಪ್ರವೇಶವನ್ನು ಬೇಕೆಂದೇ ಹಿಡಿತದಲ್ಲಿಟ್ಟು ಮೂರನೇ ವರ್ಷಕ್ಕೆ ಜಾಗ ಉಳಿಸುತ್ತವೆ.

ಇವತ್ತು ಅದು ನಡೆಯುವ ಬಗೆ ಹೀಗಿದೆ. ಕೂಪರ್ಟಿನೊದ ಡಿ ಆಂಜಾ, ಫ್ರೀಮಾಂಟಿನ ಓಲೋನಿ, ದಕ್ಷಿಣದ ಸಾಂಟಾ ಮೋನಿಕಾ ಮುಂತಾಗಿ ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಸೆಮಿಸ್ಟರ್ ಕಾಲೇಜುಗಳಲ್ಲಿ ಓದನ್ನು ಯೂನಿಟ್ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ, ರಾಜ್ಯದ ನಿವಾಸಿಗೆ ಒಂದು ಯೂನಿಟ್ಟಿಗೆ 46 ಡಾಲರ್. ವರ್ಗಾವಣೆಗೆ ಬೇಕಾದದ್ದು 60 ಯೂನಿಟ್. ಅಂದರೆ ಎರಡು ವರ್ಷದ ಓದಿಗೆ 2,760 ಡಾಲರ್ ಶುಲ್ಕ, ಪುಸ್ತಕ ಮತ್ತು ಮನೆ ಖರ್ಚು ಬೇರೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಒಂದೇ ವರ್ಷದ ಶುಲ್ಕ ಇದರ ನಾಲ್ಕು ಪಟ್ಟನ್ನೂ ಮೀರುತ್ತದೆ. ಕಾಲೇಜಿನ ಯಾವ ಕೋರ್ಸು ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಸಮ ಎಂಬುದನ್ನು ಅಸಿಸ್ಟ್ ಎಂಬ ಸಾರ್ವಜನಿಕ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಟ್ಯಾಗ್ ಎಂದು ಕರೆಯುವ ಖಾತ್ರಿ ಒಪ್ಪಂದವನ್ನು ಒಂಬತ್ತು ಪದವಿ ಕ್ಯಾಂಪಸ್‌ಗಳಲ್ಲಿ ಆರು ಕೊಡುತ್ತವೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್. ಒಬ್ಬರಿಗೆ ಒಂದೇ ಟ್ಯಾಗ್. ಸೆಪ್ಟೆಂಬರ್ ತಿಂಗಳೊಳಗೆ ಅದರ ಅರ್ಜಿ ಹಾಕಿರಬೇಕು, ಆಮೇಲೆ ಮಾಮೂಲಿ ಪ್ರವೇಶ ಅರ್ಜಿಯನ್ನೂ ತಪ್ಪದೆ ಹಾಕಬೇಕು. ಬರ್ಕ್ಲಿ, ಲಾಸ್ ಏಂಜಲೀಸ್, ಸಾನ್ ಡಿಯೇಗೊ ಟ್ಯಾಗ್ ಕೊಡುವುದಿಲ್ಲ. ಆದರೂ ಕಮ್ಯುನಿಟಿ ಕಾಲೇಜಿನವರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳುತ್ತವೆ.

ಅಲ್ಲಿನ ಅರ್ಜಿಯಲ್ಲಿ ಅಪ್ಪ ಎಲ್ಲಿ ಓದಿದರು ಎಂಬುದಕ್ಕೆ ಕವಡೆ ಕಾಸಿನ ಬೆಲೆಯೂ ಇಲ್ಲ. ರೆಸ್ಟೋರೆಂಟಿನಲ್ಲಿ ಪಾತ್ರೆ ತೊಳೆಯುವವರ ಮಗಳಿಗೂ ಸಾಫ್ಟ್‌ವೇರ್ ಕಂಪನಿಯ ಉಪಾಧ್ಯಕ್ಷರ ಮಗಳಿಗೂ ಒಂದೇ ಪಟ್ಟಿ. ಖಾತ್ರಿಗೆ ಘನತೆ ಬರುವುದೇ ಇದರಿಂದ.

ಹಾಗೆಂದು ಖಾತ್ರಿ ಎಂಬ ಮಾತನ್ನು ಕಣ್ಣುಮುಚ್ಚಿ ನಂಬಬಾರದು. ಅದರೊಳಗೆ ಹಲವು ಷರತ್ತುಗಳು ಅಡಗಿರುತ್ತವೆ. ಸಾಂಟಾ ಬಾರ್ಬರಾ ಟ್ಯಾಗ್ ಕೊಡುತ್ತದೆ, ಆದರೆ ಎಂಜಿನಿಯರಿಂಗ್‌ಗೆ ಕೊಡುವುದಿಲ್ಲ. ಕ್ಯಾಲಿಫೋರ್ನಿಯಾ 2010ರಲ್ಲಿ ತಂದ ಇನ್ನೊಂದು ಕಾನೂನಿನ ಪ್ರಕಾರ, ವರ್ಗಾವಣೆಗೆಂದೇ ರೂಪಿಸಿದ ಎರಡು ವರ್ಷದ ಪದವಿ ಮುಗಿಸಿದವರಿಗೆ ಸ್ಟೇಟ್ ಯೂನಿವರ್ಸಿಟಿಯಲ್ಲಿ ಜಾಗ ಖಾತ್ರಿ. ಆದರೆ ಆ ಖಾತ್ರಿ ಇಡೀ ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಕಡೆ ಎಂದೇ ಹೊರತು ನೀವು ಕೇಳಿದ ಕ್ಯಾಂಪಸ್ಸಿನಲ್ಲಿ ಎಂದಲ್ಲ. ಸಾನ್ ಹೋಸೆಯಲ್ಲಿ ಮನೆ, ಅಪ್ಪ ಅಮ್ಮನ ಜೊತೆ ಇದ್ದು ಓದುವ ಲೆಕ್ಕಾಚಾರ, ಸೀಟು ಮಾತ್ರ ನೂರಾರು ಮೈಲಿ ದೂರದಲ್ಲಿ: ಹೀಗಾದರೆ ಖಾತ್ರಿ ಕಾಗದದ ಮೇಲಷ್ಟೇ ಉಳಿಯುತ್ತದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ ತಾನು ತೆಗೆದುಕೊಳ್ಳಲಾಗದ ರಾಜ್ಯದ ಮಕ್ಕಳಿಗೆ ಒಂದು ದಾರಿ ತೋರಿಸುತ್ತದೆ: ಅದೇ ವ್ಯವಸ್ಥೆಯ ಇನ್ನೊಂದು ಕ್ಯಾಂಪಸ್ಸಿನಲ್ಲಿ ಒಂದು ವರ್ಷ ಓದಿ 30 ಕ್ರೆಡಿಟ್ ಮತ್ತು 3.2 ಜಿಪಿಎ ತಂದರೆ ಆಸ್ಟಿನ್‌ಗೆ ಬರಬಹುದು. ಖಾತ್ರಿ ಇರುವುದು ಲಿಬರಲ್ ಆರ್ಟ್ಸ್ ವಿಭಾಗಕ್ಕೆ, ಅಂದರೆ ಭಾಷೆ, ಇತಿಹಾಸದಂಥ ವಿಷಯಗಳಿಗೆ. ಕಂಪ್ಯೂಟರ್ ಸೈನ್ಸ್ ಕನಸು ಕಂಡು ಆ ದಾರಿ ಹಿಡಿದವರು ಆಮೇಲೆ ಮತ್ತೆ ಸ್ಪರ್ಧಿಸಬೇಕು. ವರ್ಜೀನಿಯಾದಲ್ಲಿ 23 ಕಮ್ಯುನಿಟಿ ಕಾಲೇಜುಗಳ ವ್ಯವಸ್ಥೆಗೂ ವರ್ಜೀನಿಯಾ ವಿಶ್ವವಿದ್ಯಾಲಯದಂಥ ಹೆಸರಾಂತ ಸಂಸ್ಥೆಗಳಿಗೂ ಒಪ್ಪಂದಗಳಿವೆ. ಅಲ್ಲೂ ಕಾಲೇಜು, ವಿಭಾಗ, ಜಿಪಿಎ ಮೂರನ್ನೂ ಹೊಂದಿಸಿ ಓದಿಕೊಳ್ಳಬೇಕು. ಮೊದಲ ಸೆಮಿಸ್ಟರ್ ಶುರುವಾಗುವ ಮುನ್ನವೇ ಇದನ್ನು ಕೇಳಿ ತಿಳಿದುಕೊಂಡವರು ಗೆಲ್ಲುತ್ತಾರೆ. ಎರಡನೇ ವರ್ಷದಲ್ಲಿ ವಿಚಾರಿಸಿದವರಿಗೆ ಒಂದೆರಡು ಕೋರ್ಸು ಲೆಕ್ಕಕ್ಕೆ ಬರಲಿಲ್ಲ ಎಂದು ಗೊತ್ತಾಗುತ್ತದೆ, ಇನ್ನೊಂದು ವರ್ಷದ ಖರ್ಚು ತಲೆಗೆ ಬೀಳುತ್ತದೆ.

ಈಗ ಜಾರ್ಜಿಯಾ ಟೆಕ್ ದಾರಿಯನ್ನು ನೋಡೋಣ. ಕ್ಯಾಲಿಫೋರ್ನಿಯಾದ ಖಾತ್ರಿಗೆ ಕೇಳುವುದು ನೀವು ಏನು ಓದಿದಿರಿ ಎಂದು. ಟೆಕ್‌ನ ಈ ದಾರಿ ಅದಕ್ಕೆ ಮುಂಚೆ ನಿಮ್ಮವರು ಯಾರು ಎಂದು ಕೇಳುತ್ತದೆ. ಓದು, ಅಂಕ ಎಲ್ಲ ಬೇಕು, ನಿಜ; ಒಂದು ವರ್ಷ ಚೆನ್ನಾಗಿ ಓದದವರಿಗೆ ಅಲ್ಲಿ ಜಾಗವಿಲ್ಲ. ಹಾಗಾಗಿ ಇದನ್ನು ಸಮರ್ಥಿಸುವವರು, ನಾವು ಯಾರಿಗೂ ಪುಕ್ಕಟೆ ಸೀಟು ಕೊಡುತ್ತಿಲ್ಲ, ಅರ್ಹತೆ ತೋರಿಸಿದವರಿಗೇ ಕೊಡುತ್ತಿದ್ದೇವೆ ಎನ್ನುತ್ತಾರೆ. ಅರ್ಹತೆಯ ಮಾತು ಸರಿಯಾಗಿಯೇ ಇದೆ. ಆದರೆ ಅದೇ ಅರ್ಹತೆ ತೋರಿಸಿದ ಇನ್ನೊಬ್ಬಳಿಗೆ ಆ ಖಾತ್ರಿ ಯಾಕಿಲ್ಲ? ಇಬ್ಬರ ನಡುವಿನ ವ್ಯತ್ಯಾಸ ಅಪ್ಪನ ಪದವಿ ಪ್ರಮಾಣಪತ್ರದ ಮೇಲಿರುವ ಮುದ್ರೆಯೊಂದೇ.

ಆದ್ಯತೆಯನ್ನು ಮೊದಲ ವರ್ಷದಲ್ಲಿ ಕೊಡದೆ ವರ್ಗಾವಣೆಯಲ್ಲಿ ಕೊಟ್ಟರೆ ಯಾವುದೇ ವಿಶ್ವವಿದ್ಯಾಲಯಕ್ಕೂ ಹಲವು ಅನುಕೂಲಗಳಿವೆ. ಅಮೆರಿಕದಲ್ಲಿ ಒಂದು ವಿಶ್ವವಿದ್ಯಾಲಯ ಎಷ್ಟು ಕಠಿಣ ಎಂದು ಅಳೆಯುವುದು ಮೊದಲ ವರ್ಷದ ಪ್ರವೇಶದಿಂದ: ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನಕ್ಕೆ ಸಿಕ್ಕಿತು, ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯಲ್ಲಿ ಅವರ ಅಂಕ ಎಷ್ಟು. ವರ್ಗಾವಣೆಯಿಂದ ಬಂದವರು ಈ ಲೆಕ್ಕದಲ್ಲಿ ಸೇರುವುದಿಲ್ಲ. ವಿಶ್ವವಿದ್ಯಾಲಯಗಳು ಪ್ರತಿವರ್ಷ ಪ್ರಕಟಿಸುವ ಕಾಮನ್ ಡೇಟಾ ಸೆಟ್ ಎಂಬ ದಾಖಲೆಯಲ್ಲೂ ಹೀಗೇ. ಮೊದಲ ವರ್ಷದ ಭಾಗದಲ್ಲಿ ಸಿ7 ಎಂಬ ಕೋಷ್ಟಕವಿದೆ; ಹಳೆಯ ವಿದ್ಯಾರ್ಥಿ ಸಂಬಂಧವನ್ನು ಪರಿಗಣಿಸುತ್ತೀರಾ ಎಂದು ಅದು ನೇರವಾಗಿ ಕೇಳುತ್ತದೆ. ವರ್ಗಾವಣೆಯದು ಡಿ ಭಾಗ. ಎಷ್ಟು ಅರ್ಜಿ, ಎಷ್ಟು ಸೀಟು, ಕನಿಷ್ಠ ಎಷ್ಟು ಅಂಕ ಎಂಬುದೆಲ್ಲ ಅಲ್ಲಿದೆ, ಸಂಬಂಧದ ಪ್ರಶ್ನೆ ಇಲ್ಲ. ಪಾಲಕರು, ಪತ್ರಕರ್ತರು, ಶಾಸಕರು ಮೊದಲು ತೆರೆದು ನೋಡುವುದು ಸಿ7 ಅನ್ನು. ಅಲ್ಲಿ ಪರಿಗಣಿಸುವುದಿಲ್ಲ ಎಂದಿದ್ದರೆ ವಿಷಯ ಮುಗಿಯಿತು ಎಂದುಕೊಳ್ಳುತ್ತಾರೆ.

ಇನ್ನೊಂದು ಅನುಕೂಲ ಸೀಟಿನದು. ಮೊದಲ ವರ್ಷಕ್ಕೆ ಸೇರಿದವರಲ್ಲಿ ಕೆಲವರು ಕಾಲೇಜು ಬಿಡುತ್ತಾರೆ, ಕೆಲವರು ಬೇರೆಡೆಗೆ ಹೋಗುತ್ತಾರೆ. ಎರಡನೇ ವರ್ಷದ ತರಗತಿಯಲ್ಲಿ ಖಾಲಿಯಾದ ಜಾಗ ತುಂಬಿಕೊಂಡರೆ ಶುಲ್ಕವೂ ಬರುತ್ತದೆ, ಹಾಸ್ಟೆಲ್ಲಿನ ಒತ್ತಡವೂ ಇಲ್ಲ. ಜೊತೆಗೆ, ಮಗುವಿಗೆ ಸೀಟು ಸಿಗಲಿಲ್ಲವೆಂದು ಮುನಿಸಿಕೊಂಡ ಹಳೆಯ ವಿದ್ಯಾರ್ಥಿಗೆ ಹೇಳಲು ಒಂದು ಸಮಾಧಾನದ ಮಾತು ಸಿಗುತ್ತದೆ. ಇವೆಲ್ಲ ಆಡಳಿತದ ದೃಷ್ಟಿಯಿಂದ ಅರ್ಥವಾಗುವಂಥವೇ. ಆದರೆ ಸೀಟು ವಿಶ್ವವಿದ್ಯಾಲಯದ ಸ್ವಂತದ್ದಲ್ಲ, ರಾಜ್ಯದ ಜನರದ್ದು.

ಕಾನೂನು ಇದನ್ನು ತಡೆಯುತ್ತದೆಯೇ ಎಂಬುದು ಬರೆದ ರೀತಿಯ ಮೇಲೆ ನಿಂತಿದೆ. ವರ್ಜೀನಿಯಾದ ಕಾನೂನು ಯಾವುದೇ ಅಭ್ಯರ್ಥಿಗೆ, ಯಾವುದೇ ರೀತಿಯ ಆದ್ಯತೆಯನ್ನು ಲೆಗಸಿ ಅಥವಾ ದಾನಿಗಳ ಸಂಬಂಧದ ಮೇಲೆ ಕೊಡಬಾರದು ಎನ್ನುತ್ತದೆ. ಮೊದಲ ವರ್ಷ, ವರ್ಗಾವಣೆ ಎಂಬ ಭೇದ ಅದರಲ್ಲಿಲ್ಲ, ಹಾಗಾಗಿ ಸಂಬಂಧ ನೋಡಿ ಕೊಡುವ ವರ್ಗಾವಣೆಯೂ ಅದರ ತೆಕ್ಕೆಗೆ ಬರುತ್ತದೆ ಎಂದೇ ಓದಬೇಕು. ಬರೀ ಮೊದಲ ವರ್ಷದ ಅರ್ಜಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುವ ಕಾನೂನಿನ ಪಕ್ಕದಲ್ಲಿ ಇಂಥ ದಾರಿ ಸಲೀಸಾಗಿ ಉಳಿದುಕೊಳ್ಳುತ್ತದೆ.

ಕಾನೂನೊಂದೇ ಸಾಲದು ಎಂಬುದಕ್ಕೆ ಕ್ಯಾಲಿಫೋರ್ನಿಯಾದಲ್ಲೇ ಸಾಕ್ಷಿ ಇದೆ. ಲೆಗಸಿಯನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದ ಆ ವಿಶ್ವವಿದ್ಯಾಲಯ ವ್ಯವಸ್ಥೆಯನ್ನು ರಾಜ್ಯದ ಲೆಕ್ಕಪರಿಶೋಧಕರು ತಪಾಸಣೆ ಮಾಡಿ 2020ರಲ್ಲಿ ವರದಿ ಕೊಟ್ಟರು. ನಾಲ್ಕು ಕ್ಯಾಂಪಸ್‌ಗಳಲ್ಲಿ ಆರು ವರ್ಷಗಳ ಅವಧಿಯಲ್ಲಿ ಕನಿಷ್ಠ 64 ಮಂದಿಗೆ ಪರಿಚಯ, ಪ್ರಭಾವ, ದೇಣಿಗೆಯ ನಂಟಿನಿಂದ ಅಕ್ರಮವಾಗಿ ಸೀಟು ಸಿಕ್ಕಿತ್ತು. ಅವರಲ್ಲಿ ಹೆಚ್ಚಿನವರು ಬರ್ಕ್ಲಿಯವರು. ಹೊರಗಿನವರೊಬ್ಬರು ಕಡತ ತೆಗೆದು ನೋಡಿದ್ದರಿಂದ ಇದು ಬಯಲಾಯಿತು, ಇಲ್ಲವಾದರೆ ನಿಯಮ ಪುಸ್ತಕ ಅಚ್ಚುಕಟ್ಟಾಗಿಯೇ ಇತ್ತು.

ಲೆಗಸಿಯ ಪರವಾಗಿ ಇತ್ತೀಚೆಗೆ ಕೇಳಿಬರುವ ಒಂದು ವಾದ ನಮ್ಮವರಿಗೆ ನೇರವಾಗಿ ಸಂಬಂಧಿಸಿದ್ದು, ಅದನ್ನು ದಾಟಿಕೊಂಡು ಹೋಗುವಂತಿಲ್ಲ. ಈಗ ಹಳೆಯ ವಿದ್ಯಾರ್ಥಿಗಳೆಂದರೆ ಬಿಳಿಯರಷ್ಟೇ ಅಲ್ಲ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಸುರತ್ಕಲ್ಲಿನಿಂದ, ಬೆಂಗಳೂರಿನಿಂದ, ಮೈಸೂರಿನಿಂದ ಹೋಗಿ ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎಂಎಸ್, ಪಿಎಚ್‌ಡಿ ಮಾಡಿದವರ ಮಕ್ಕಳು ಈಗ ಕಾಲೇಜಿಗೆ ಬರುತ್ತಿದ್ದಾರೆ. ಕಪ್ಪು ಸಮುದಾಯದ ಪದವೀಧರರ ಮೊಮ್ಮಕ್ಕಳೂ ಬರುತ್ತಿದ್ದಾರೆ. ನಮ್ಮ ಸರದಿ ಬಂದ ಹೊತ್ತಿಗೇ ಬಾಗಿಲು ಮುಚ್ಚುವುದು ಅನ್ಯಾಯವಲ್ಲವೇ ಎಂದು ಕೇಳುವವರಿದ್ದಾರೆ. ಆ ನೋವು ಸುಳ್ಳಲ್ಲ. ಆದರೂ ಆ ವಾದದ ಜೊತೆ ನಾನು ನಿಲ್ಲಲಾರೆ. ಟೆಕ್‌ನಲ್ಲಿ ಎಂಎಸ್ ಮಾಡಿದ ಕನ್ನಡಿಗನ ಮಗಳಿಗೆ ಒಳ್ಳೆಯ ಹೈಸ್ಕೂಲು, ಮನೆಯಲ್ಲೇ ಗಣಿತ ಹೇಳಿಕೊಡುವ ಅಪ್ಪ, ಅರ್ಜಿ ತುಂಬಲು ತಿಳಿದವರು ಎಲ್ಲ ಆಗಲೇ ಇದ್ದಾರೆ. ಆ ಮೇಲೆ ವಿಶ್ವವಿದ್ಯಾಲಯವೂ ತನ್ನ ಕಡೆಯಿಂದ ಇನ್ನಷ್ಟು ಸೇರಿಸುವ ಅಗತ್ಯ ಏನಿದೆ? ಅದೇ ಖಾತ್ರಿಯನ್ನು ಜಾರ್ಜಿಯಾದ ಹತ್ತಿ ಬೆಳೆಯುವ ಜಿಲ್ಲೆಯೊಂದರ ಸಣ್ಣ ಕಾಲೇಜಿನ ಹುಡುಗನಿಗೆ ಕೊಟ್ಟರೆ ಅವನ ಮನೆಯ ದಿಕ್ಕೇ ಬದಲಾಗುತ್ತದೆ.

ದಾರಿಯನ್ನು ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಒಂದು ವರ್ಷ ಬೇರೆಡೆ ಓದಿ, ತಾಕತ್ತು ತೋರಿಸಿ ಬರುವ ಏರ್ಪಾಡು ತುಂಬಾ ಚೆನ್ನಾಗಿದೆ. ಹದಿನೇಳನೇ ವಯಸ್ಸಿನ ಅಂಕಪಟ್ಟಿಗಿಂತ ಕಾಲೇಜಿನ ಮೊದಲ ವರ್ಷದ ಕ್ಯಾಲ್ಕುಲಸ್ ಅಂಕ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಯ ಬಗ್ಗೆ ಹೆಚ್ಚು ಹೇಳುತ್ತದೆ. ತೆಗೆದುಹಾಕಬೇಕಾದದ್ದು ಸಂಬಂಧದ ಷರತ್ತು ಮಾತ್ರ. ಜಾರ್ಜಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳು, ಪದವಿ ಕಾಲೇಜುಗಳು ಬೋರ್ಡ್ ಆಫ್ ರೀಜೆಂಟ್ಸ್ ಎಂಬ ಒಂದೇ ಮಂಡಳಿಯ ಕೆಳಗಿವೆ. ಅಟ್ಲಾಂಟಾ ಸುತ್ತಮುತ್ತಲೇ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದ ಪೆರಿಮೀಟರ್ ಕಾಲೇಜಿನ ಕ್ಯಾಂಪಸ್‌ಗಳಿವೆ. ದುಡಿಯುತ್ತಾ ಓದುವವರು, ವಲಸಿಗರ ಮಕ್ಕಳು ಅಲ್ಲಿ ತುಂಬಿದ್ದಾರೆ. ಈ ಮಂಡಳಿಯ ಯಾವುದೇ ಕಾಲೇಜಿನಲ್ಲಿ ಗೊತ್ತುಮಾಡಿದ ಕೋರ್ಸುಗಳನ್ನು ಗೊತ್ತುಮಾಡಿದ ಜಿಪಿಎಯೊಂದಿಗೆ ಮುಗಿಸಿದ ಜಾರ್ಜಿಯಾದ ಯಾವ ವಿದ್ಯಾರ್ಥಿಗೇ ಆಗಲಿ ಟೆಕ್‌ನಲ್ಲಿ ಸೀಟು ಎಂದು ಬರೆದರೆ ಸಾಕು. ಸೀಟು ಸಾಲದಿದ್ದರೆ ಜಿಪಿಎ ಮಿತಿ ಏರಿಸಲಿ, ಎಲ್ಲರಿಗೂ ಒಟ್ಟಿಗೆ ಏರಿಸಲಿ.

ಅದಾಗುವ ತನಕ ಕೇಳಬೇಕಾದ ಲೆಕ್ಕವೊಂದಿದೆ, ಅದನ್ನು ಕೇಳಲು ತೆರಿಗೆ ಕಟ್ಟುವ ಯಾರಿಗೂ ಹಕ್ಕಿದೆ. ಪ್ರತಿ ವರ್ಷ ಯಾವ ಯಾವ ವರ್ಗಾವಣೆ ದಾರಿಯಲ್ಲಿ ಎಷ್ಟು ಮಂದಿಗೆ ಖಾತ್ರಿ ಪತ್ರ ಹೋಯಿತು, ಅವರಲ್ಲಿ ಎಷ್ಟು ಮಂದಿ ಬಂದು ಸೇರಿದರು, ಹಳೆಯ ವಿದ್ಯಾರ್ಥಿ ಸಂಬಂಧದಿಂದ ಎಷ್ಟು, ಮನೆಯ ಮೊದಲ ಪದವೀಧರರು ಎಷ್ಟು, ಕಮ್ಯುನಿಟಿ ಕಾಲೇಜಿನಿಂದ ಬಂದವರು ಎಷ್ಟು. ಮೊದಲ ವರ್ಷದ ಅಂಕಿಅಂಶಗಳನ್ನು ಜಿಲ್ಲೆ ಜಿಲ್ಲೆಗೂ ಬಿಡಿಸಿ ಹೇಳುವ ವಿಶ್ವವಿದ್ಯಾಲಯಗಳಿಗೆ ಈ ನಾಲ್ಕೈದು ಸಂಖ್ಯೆಗಳನ್ನು ಅದೇ ಪುಟದಲ್ಲಿ ಹಾಕುವುದು ಕಷ್ಟದ ಕೆಲಸವಲ್ಲ.